ಯೆಫ್ತಾಹನ ಮಗಳ ಪರವಾಗಿ

ಮಕ್ಕಳೇ,

ನ್ಯಾಯಸ್ಥಾಪಕರ ಪುಸ್ತಕದ 11ನೇ ಅಧ್ಯಾಯ ಓದಿ ಮುಗಿಸಿದ ದಿನ ನಿಮ್ಮಲ್ಲೊಬ್ಬಳು ಕೇಳಿದಳು: “ಅಜ್ಜಾ, ಅಬ್ರಹಾಮ ತನ್ನ ಮಗ ಇಸಾಕನ ಮೇಲೆ ಎತ್ತಿದ ಕತ್ತಿಯನ್ನು ತಡೆದ ದೇವರು ಈ ಹುಡುಗಿಯ ಸಲುವಾಗಿ ಯಾಕೆ ಬಾಯಿ ಬಿಡಲಿಲ್ಲ?” ಪಕ್ಕದಲ್ಲಿದ್ದ ದೊಡ್ಡವರೊಬ್ಬರು “ಅಂಥದ್ದೆಲ್ಲ ಕೇಳಬಾರದವ್ವ” ಅಂದರು. ಕೇಳಬೇಕು. ವೇದಪುಸ್ತಕ ಓದಿ ಈ ಪ್ರಶ್ನೆ ಏಳದಿದ್ದರೆ ಓದಿದ್ದು ಒಳಗಿಳಿದಿಲ್ಲ ಎಂದೇ ನಾನು ತಿಳಿಯುತ್ತೇನೆ. ಆವತ್ತು ಹೊತ್ತಾಗಿತ್ತು, ಅರ್ಧ ಮಾತಿಗೇ ಎದ್ದೆವು. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ. ಕೇಳಿದವಳಿಗೆ ಮಾತ್ರ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ನಾಲ್ಕು ಮನೆ ಸೇರಿದರೆ ಅದೇ ಒಂದು ಸಭೆ ಎಂಬಂತೆ ಬೆಳೆಯುತ್ತಿರುವ ನಿಮಗೆಲ್ಲರಿಗೂ. ಕಾಲೇಜಿನಲ್ಲಿ ಗೆಳೆಯರು “ನಿಮ್ಮ ಪುಸ್ತಕದಲ್ಲಿ ನರಬಲಿ ಇದೆಯಂತಲ್ಲ” ಎಂದಾಗ ಉತ್ತರ ಕೊಡಬೇಕಾದವರು ನೀವು.

ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡೋಣ. ಯೆಫ್ತಾಹ ಗಿಲ್ಯಾದಿನವನು, ಶೂರ, ವೇಶ್ಯೆಯ ಮಗ. ಅಪ್ಪನ ಹೆಂಡತಿಯ ಮಕ್ಕಳು ದೊಡ್ಡವರಾದ ಮೇಲೆ “ನಮ್ಮಪ್ಪನ ಆಸ್ತಿಯಲ್ಲಿ ನಿನಗೆ ಪಾಲಿಲ್ಲ” ಎಂದು ಅವನನ್ನು ಹೊರಗಟ್ಟಿದರು. ಟೋಬ್ ದೇಶಕ್ಕೆ ಹೋಗಿ ದಿಕ್ಕಿಲ್ಲದವರ ಗುಂಪು ಕಟ್ಟಿಕೊಂಡು ಬದುಕಿದ. ಮುಂದೆ ಅಮ್ಮೋನಿಯರು ದಂಡೆತ್ತಿ ಬಂದಾಗ ಅದೇ ಊರಿನ ಹಿರಿಯರು ಅವನ ಬಾಗಿಲಿಗೆ ಬಂದು ನಿಂತರು. ಬೇಡದಿದ್ದಾಗ ಓಡಿಸಿದವರು ಬೇಕಾದಾಗ ಬಂದರು. ಅವನು ಅದನ್ನು ಅವರ ಮುಖಕ್ಕೇ ಹೇಳಿದ. ಗೆದ್ದರೆ ನಾನೇ ನಿಮ್ಮ ನಾಯಕನೆಂದು ಮಾತು ತೆಗೆದುಕೊಂಡ. ಮಿಚ್ಪೆಯಲ್ಲಿ ದೇವರ ಸನ್ನಿಧಿಯಲ್ಲಿ ಆ ಮಾತು ಗಟ್ಟಿಯಾಯಿತು. ಕೂಡಲೇ ಕತ್ತಿ ಹಿರಿಯಲಿಲ್ಲ. ಶತ್ರುರಾಜನಿಗೆ ದೂತರನ್ನು ಕಳಿಸಿ, ಮುನ್ನೂರು ವರ್ಷದ ಇತಿಹಾಸವನ್ನು ವಕೀಲನಂತೆ ಮಂಡಿಸಿ, ಮಾತಿನಲ್ಲೇ ಮುಗಿಸಲು ನೋಡಿದ. ಇಷ್ಟು ವಿವೇಕಿ. ರಾಜ ಕೇಳಲಿಲ್ಲ. ದೇವರ ಆತ್ಮ ಯೆಫ್ತಾಹನ ಮೇಲೆ ಬಂತು ಎಂದು ಪುಸ್ತಕ ಹೇಳುತ್ತದೆ. ಅದಾದ ಮೇಲೆ, ಗಮನಿಸಿ, ಅದಾದ ಮೇಲೆ ಅವನು ಹರಕೆ ಹೊರುತ್ತಾನೆ: ಗೆದ್ದು ಬಂದಾಗ ನನ್ನ ಮನೆಯ ಬಾಗಿಲಿನಿಂದ ಎದುರಿಗೆ ಬರುವುದನ್ನು ನಿನಗೆ ದಹನಬಲಿ ಕೊಡುತ್ತೇನೆ.

ಗೆದ್ದ. ಮನೆಗೆ ಬಂದ. ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರುಗೊಳ್ಳಲು ಬಂದವಳು ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು ಅತ್ತ. ಆದರೆ ಅವನ ಮೊದಲ ಮಾತನ್ನು ಓದಿ ನೋಡಿ. ಅಯ್ಯೋ ಮಗಳೇ, ನನ್ನನ್ನು ನೆಲಕ್ಕೆ ತಂದೆಯಲ್ಲ ಎನ್ನುತ್ತಾನೆ. ಹರಕೆ ಹೊತ್ತವನು ಅವನು, ತಪ್ಪು ಹೊರಿಸುವುದು ಅವಳ ಮೇಲೆ. ಅವಳು ಎದುರಾಡುವುದಿಲ್ಲ, ದೇವರಿಗೆ ಮಾತು ಕೊಟ್ಟಿದ್ದೀ, ಕೊಟ್ಟಂತೆ ಮಾಡು ಎನ್ನುತ್ತಾಳೆ. ಕೇಳುವುದಿಷ್ಟೇ: ಗೆಳತಿಯರ ಜೊತೆ ಬೆಟ್ಟದಲ್ಲಿ ಅಲೆದಾಡಿ ಮದುವೆಯಿಲ್ಲದೆ ಹೋಗುವ ನನ್ನ ಬಾಳಿಗಾಗಿ ಅತ್ತು ಬರಲು ಎರಡು ತಿಂಗಳು ಬಿಡು. ಎರಡು ತಿಂಗಳ ಮೇಲೆ ವಾಪಸು ಬಂದಳು. ಅವನು ಹರಕೆಯಂತೆ ಮಾಡಿದ. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳನ್ನು ನೆನೆದು ಹಾಡುವ ಪದ್ಧತಿ ನಡೆದು ಬಂತು. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ.

ಗಂಟು ಒಂದಲ್ಲ, ಹಲವು. ಧರ್ಮೋಪದೇಶಕಾಂಡದ 12 ಮತ್ತು 18ನೇ ಅಧ್ಯಾಯಗಳು ಮಕ್ಕಳನ್ನು ಬೆಂಕಿಗೆ ಕೊಡುವುದನ್ನು ದೇವರು ಹೇಸುವ ಕೆಲಸ ಎಂದು ಕರೆಯುತ್ತವೆ. ಅಂಥ ಮಾತು ನನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು ದೇವರೇ ಹೇಳಿದ್ದಾಗಿ ಯೆರೆಮೀಯ ಬರೆಯುತ್ತಾನೆ. ಇನ್ನೊಂದು ಕಡೆ ಅರಣ್ಯಕಾಂಡದ 30ನೇ ಅಧ್ಯಾಯ, ಹರಕೆ ಹೊತ್ತ ಗಂಡಸು ಮಾತಿಗೆ ತಪ್ಪಬಾರದು ಎನ್ನುತ್ತದೆ. ಅದೇ ಅಧ್ಯಾಯದಲ್ಲಿ ಮಗಳು ಹೊತ್ತ ಹರಕೆಯನ್ನು ಅಪ್ಪ ರದ್ದು ಮಾಡಬಹುದು. ಅಪ್ಪ ಮಗಳ ತಲೆಯ ಮೇಲೆ ಹೊತ್ತ ಹರಕೆಯನ್ನು ರದ್ದು ಮಾಡುವವರು ಯಾರು? ಅದಕ್ಕೆ ಅಲ್ಲಿ ವಚನವಿಲ್ಲ. ಯಾಜಕಕಾಂಡದ 27ನೇ ಅಧ್ಯಾಯ, ಮನುಷ್ಯರನ್ನು ಹರಕೆಗೆ ಕೊಟ್ಟರೆ ಬೆಳ್ಳಿ ಕಟ್ಟಿ ಬಿಡಿಸಿಕೊಳ್ಳುವ ದಾರಿ ತೋರಿಸುತ್ತದೆ; 5ರಿಂದ 20 ವರ್ಷದ ಹುಡುಗಿಗೆ 10 ಶೆಕೆಲ್. ಆ ಅಧ್ಯಾಯದ ಕೊನೆಯಲ್ಲೇ, ಪೂರ್ತಿ ಮೀಸಲಿಟ್ಟ ಮನುಷ್ಯರನ್ನು ಬಿಡಿಸಬಾರದು ಎಂಬ ಕಠಿಣ ಮಾತೂ ಇದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇದೆಲ್ಲದರ ಮೇಲೆ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ, 11ನೇ ಅಧ್ಯಾಯದ 32ನೇ ವಚನದಲ್ಲಿ, ಗಿದ್ಯೋನ, ಬಾರಾಕ, ಸಂಸೋನರ ಸಾಲಿನಲ್ಲಿ ಯೆಫ್ತಾಹನನ್ನೂ ನಂಬಿಕೆಯ ವೀರನೆಂದು ಎಣಿಸುತ್ತದೆ.

ಈ ಗಂಟು ಬಿಚ್ಚಲು ಎರಡು ಸಾವಿರ ವರ್ಷದಿಂದ ಜನ ಹೆಣಗಿದ್ದಾರೆ. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಯೋಸೆಫಸ್, ಈ ಬಲಿ ಧರ್ಮಶಾಸ್ತ್ರಕ್ಕೂ ಸಲ್ಲದ್ದು, ದೇವರಿಗೂ ಒಪ್ಪದ್ದು ಎಂದು ನೇರವಾಗಿ ಬರೆದ. ಮಧ್ಯಯುಗದ ಪಂಡಿತ ದಾವೀದ್ ಕಿಮ್ಹಿ ಮೊದಲಾದವರು ಅವಳನ್ನು ಕೊಲ್ಲಲಿಲ್ಲ, ಮದುವೆಯಿಲ್ಲದೆ ದೇವರಿಗೆ ಮೀಸಲಾಗಿ ಉಳಿದಳು ಎಂದು ಓದಿದರು. 1752ರಲ್ಲಿ ಲಂಡನ್ನಿನಲ್ಲಿ ಹಾಡಿದ ಹ್ಯಾಂಡೆಲ್‌ನ ಸಂಗೀತಕೃತಿಯಲ್ಲಿ ದೇವದೂತ ಬಂದು ಅವಳನ್ನು ಉಳಿಸುತ್ತಾನೆ. ಇವರ ಕರುಳು ನನಗೆ ಅರ್ಥವಾಗುತ್ತದೆ. ಆದರೂ ಈ ಓದಿಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಅವಳು ಬದುಕಿದ್ದಳೆಂದೇ ಇಟ್ಟುಕೊಂಡರೂ, ಕೇಳದೆ ಕೊಟ್ಟದ್ದು ಅವಳ ಬಾಳನ್ನೇ ತಾನೇ? ಬೆಂಕಿ ಇರಲಿಲ್ಲ ಎಂದ ಮಾತ್ರಕ್ಕೆ ಅಪ್ಪನ ತಪ್ಪು ತೊಳೆದು ಹೋಗುವುದಿಲ್ಲ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಹಳೆಯ ಯೆಹೂದಿ ಗುರುಗಳು ಹೇಳುತ್ತಿದ್ದ ಒಂದು ಮಾತು. ಹರಕೆಯನ್ನು ಬಿಡಿಸುವ ಅಧಿಕಾರ ಯಾಜಕ ಫೀನೆಹಾಸನಿಗಿತ್ತು. ನಾನು ಮಹಾಯಾಜಕ, ನಾನೇಕೆ ಅವನ ಹತ್ತಿರ ಹೋಗಲಿ ಎಂದು ಅವನು ಕೂತ. ನಾನು ದಂಡನಾಯಕ, ನಾನೇಕೆ ಹೋಗಲಿ ಎಂದು ಯೆಫ್ತಾಹ ಕೂತ. ಇಬ್ಬರ ದೊಡ್ಡಸ್ತಿಕೆಯ ನಡುವೆ ಹುಡುಗಿ ಹೋದಳು. ಇದು ವೇದಪುಸ್ತಕದಲ್ಲಿಲ್ಲ, ಗುರುಗಳು ಕಟ್ಟಿದ ಕಥೆ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದದ್ದು: ಆ ಎರಡು ತಿಂಗಳು ದೊಡ್ಡವರೆಲ್ಲ ಎಲ್ಲಿದ್ದರು? ಊರಿಗೆ ಕಷ್ಟ ಬಂದಾಗ ಯೆಫ್ತಾಹನ ಬಾಗಿಲಿಗೆ ನಡೆದು ಹೋಗಿದ್ದ ಗಿಲ್ಯಾದಿನ ಹಿರಿಯರು ಈ ಸಲ ಒಬ್ಬರೂ ಬರಲಿಲ್ಲ. ಒಂದನೇ ಸಮುವೇಲನ 14ನೇ ಅಧ್ಯಾಯ ಜೊತೆಗಿಟ್ಟು ಓದಿ. ಅಲ್ಲಿ ರಾಜ ಸೌಲ ಅವಸರದಲ್ಲಿ ಆಣೆ ಹಾಕುತ್ತಾನೆ, ಆಣೆ ಗೊತ್ತಿಲ್ಲದ ಮಗ ಯೋನಾತಾನ ಜೇನು ತಿಂದು ಸಿಕ್ಕಿಬೀಳುತ್ತಾನೆ, ಅಪ್ಪ ಸಾಯಿಸಲು ಸಿದ್ಧನಾಗುತ್ತಾನೆ. ಜನ ಎದ್ದು ನಿಂತರು. ಇವನ ಒಂದು ಕೂದಲೂ ನೆಲಕ್ಕೆ ಬೀಳಬಾರದು ಎಂದರು, ಬಿಡಿಸಿಕೊಂಡರು. ಆಣೆ ಮುರಿಯಿತು. ಆಕಾಶ ಬೀಳಲಿಲ್ಲ. ಅಬ್ರಹಾಮನ ಕೈ ಹಿಡಿಯಲು ದೂತ ಬಂದ, ಯೋನಾತಾನನಿಗೆ ಜನ ಬಂದರು, ಈ ಹುಡುಗಿಗೆ ಯಾರೂ ಬರಲಿಲ್ಲ.

ನ್ಯಾಯಸ್ಥಾಪಕರ ಪುಸ್ತಕ ಹೊಗಳಲು ಬರೆದದ್ದಲ್ಲ. ರಾಜನಿಲ್ಲದ ಕಾಲದಲ್ಲಿ ಪ್ರತಿಯೊಬ್ಬನೂ ತನಗೆ ಸರಿ ಕಂಡದ್ದನ್ನು ಮಾಡಿದ ಎಂಬ ನೋವಿನಲ್ಲೇ ಅದು ಮುಗಿಯುತ್ತದೆ. ಯೆಫ್ತಾಹನ ಮುಂದಿನ ಅಧ್ಯಾಯದಲ್ಲಿ, ಉಚ್ಚಾರದಲ್ಲಿ ಒಂದಕ್ಷರ ತಪ್ಪಿದವರನ್ನು ಹಿಡಿಹಿಡಿದು ಕೊಂದ ಆ ಒಳಜಗಳದಲ್ಲಿ, 42,000 ಎಫ್ರಾಯೀಮ್ಯರು ಸತ್ತರು. ಬರೆದವನು ಇದನ್ನೆಲ್ಲ ಮುಚ್ಚದೆ ಇಟ್ಟಿದ್ದಾನೆ. ಇಬ್ರಿಯರ ಪತ್ರಿಕೆ ಅವನ ನಂಬಿಕೆಯನ್ನು ನೆನೆಯುತ್ತದೆಯೇ ಹೊರತು ಹರಕೆಯ ಹೆಸರೆತ್ತುವುದಿಲ್ಲ. ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ ದೇವರನ್ನು ನಂಬಿ ನಿಂತಿರಬಹುದು, ಇನ್ನೊಂದು ಹೊತ್ತಿನಲ್ಲಿ ಘೋರ ತಪ್ಪು ಮಾಡಿರಬಹುದು, ಎರಡೂ ನಿಜ.

ಇಷ್ಟೆಲ್ಲ ಹೇಳಿದ ಮೇಲೂ ನಿನ್ನ ಪ್ರಶ್ನೆ ಉಳಿಯುತ್ತದೆ, ಮಗಳೇ. ದೇವರು ಯಾಕೆ ಸುಮ್ಮನಿದ್ದ? ಆ ಮೌನಕ್ಕೆ ಸಮಾಧಾನದ ಮುಚ್ಚಳ ನನ್ನ ಹತ್ತಿರ ಇಲ್ಲ. ಇದೆ ಎನ್ನುವ ಬೋಧಕರನ್ನು ಅವಸರದಲ್ಲಿ ನಂಬಬೇಡ. ನಂಬಿಕೆ ಇಟ್ಟುಕೊಂಡೇ ಉತ್ತರವಿಲ್ಲದ ಪ್ರಶ್ನೆಯ ಜೊತೆ ಬಾಳಬಹುದು, ನಾನು ಹಾಗೆಯೇ ಬಾಳಿದ್ದೇನೆ. ಆ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಬೆಟ್ಟ ಹತ್ತಿದ್ದೂ ಅದಕ್ಕೇ ಎಂದು ನನ್ನ ಎಣಿಕೆ. ಮರೆಯುವುದಿಲ್ಲ ಎಂದು ನಿಂತವರು ಅವರು.

ಇನ್ನು ನಮ್ಮ ಸೀಮೆಯ ಮಾತು. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಆದರೆ ಇಂಥ ಕಥೆ ಅದಕ್ಕಿಂತ ಮುಂಚೆಯೇ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿತ್ತು. ‘ಕೆರೆಗೆ ಹಾರ’ ಯಾರಿಗೆ ಗೊತ್ತಿಲ್ಲ? ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಕೊಡುವುದೆಂದು ಮನೆಯ ಹಿರಿಯರು ನಿಶ್ಚಯಿಸಿದರು. ಅವಳು ತವರಿಗೆ ಹೋಗಿಯೂ ಅಪ್ಪನಿಗೆ ನಿಜ ಹೇಳಲಾರಳು. ಗೆಳತಿಗೆ ಹೇಳಿದರೆ ಗೆಳತಿಗೂ ಸಹಿಸಿಕೋ ಎನ್ನುವುದರಾಚೆ ಏನೂ ತೋಚುವುದಿಲ್ಲ. ದಂಡಿನಿಂದ ಬಂದ ಗಂಡ ಸುದ್ದಿ ತಿಳಿದು ಅದೇ ಕೆರೆಗೆ ಹಾರುತ್ತಾನೆ. ಜಗಳೂರಿನ ಒಣ ನೆಲದಲ್ಲಿ ಬೆಳೆದ ನಿಮಗೆ ನೀರಿಗಾಗಿ ಊರು ಎಷ್ಟು ದೂರ ಹೋದೀತು ಎಂದು ಬೇರೆ ಹೇಳಬೇಕಿಲ್ಲ. ಹಾಗೆಯೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಈಗ ಶಾಂತಿಸಾಗರ ಎನ್ನುತ್ತಾರೆ, ಚಿತ್ರದುರ್ಗದವರೂ ಅದರ ನೀರು ಕುಡಿಯುತ್ತಾರೆ. ಅಪ್ಪ ಹೊರಿಸಿದ ಕಳಂಕ ಹೊತ್ತ ಶಾಂತವ್ವ ಪ್ರಾಯಶ್ಚಿತ್ತಕ್ಕೆಂದು ಕಟ್ಟಿಸಿದ ಕೆರೆ ಅದು, ಜಾಗ ಬಿಟ್ಟುಕೊಟ್ಟವರು ಅಲ್ಲಿನ ವೇಶ್ಯೆಯರು ಎಂದು ಜನ ಕಥೆ ಹೇಳುತ್ತಾರೆ. ಅಲ್ಲೂ ಅಪ್ಪನ ಸಿಟ್ಟು, ಮಗಳ ಪ್ರಾಯಶ್ಚಿತ್ತ.

ಆದ್ದರಿಂದ “ನಿಮ್ಮ ಪುಸ್ತಕದಲ್ಲಿ ಹೀಗಿದೆ” ಎಂದು ಗೆಳೆಯರು ಅಂದಾಗ ಜಗಳಕ್ಕೆ ಹೋಗಬೇಡಿ, ನಿಮ್ಮಲ್ಲೂ ಇದೆ ಎಂದು ತಿರುಗಿ ಬಾಣ ಬಿಡಬೇಡಿ. ಹೌದು, ಇದೆ, ಓದಿ ಅಳುತ್ತೇವೆ ಎನ್ನಿ. ಆಮೇಲೆ ಅವರ ಜೊತೆ ಕೂತು ರಾಘವಾಂಕನ ಹರಿಶ್ಚಂದ್ರನನ್ನೂ ಓದಿ. ಹರಿಶ್ಚಂದ್ರನ ಸತ್ಯ ಉಳಿಯಲು ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಪುಣ್ಯಕೋಟಿಯನ್ನು ನೆನೆಯಿರಿ. ಆ ಹಸುವೂ ಮಾತು ಉಳಿಸಿಕೊಂಡಿತು, ಆದರೆ ಹುಲಿಯ ಮುಂದೆ ತಂದು ನಿಲ್ಲಿಸಿದ್ದು ತನ್ನ ಮೈಯನ್ನು, ಕರುವನ್ನಲ್ಲ. ಕೀರ್ತನೆಗಳ 15ನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ತನಗೆ ನಷ್ಟವಾದರೂ ಆಣೆ ತಪ್ಪದವನು ದೇವರ ಗುಡಾರದಲ್ಲಿ ಇರತಕ್ಕವನು. ತನಗೆ ನಷ್ಟವಾದರೆ. ಬೇರೆಯವರಿಗಾದರೆ ಎಂದು ಅಲ್ಲಿಲ್ಲ.

ಹರಕೆ ನಮ್ಮ ನಾಡಿನ ಉಸಿರಿನಲ್ಲೇ ಇದೆ, ಅದನ್ನು ನಾನು ಹಳಿಯುವುದಿಲ್ಲ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಎಲ್ಲ ಜಾತಿ ಮತದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಸೇವಾಲಾಲರ ಮಾಲೆ ಧರಿಸಿ ಬಂಜಾರ ಜನ ನಡೆದು ಬರುತ್ತಾರೆ. ಬರಿಗಾಲು, ಉಪವಾಸ, ಮುಡಿ, ದುಡಿದ ದುಡ್ಡು: ಇವೆಲ್ಲ ಹೊತ್ತವರ ಮೈಮೇಲಿನದು. ನಾನು ಹೆದರುವುದು ಇನ್ನೊಂದು ಬಗೆಯ ಹರಕೆಗೆ.

ಆ ಬಗೆ ಹಳೇ ಕಾಲದ್ದೆಂದು ತಿಳಿಯಬೇಡಿ. ಮನೆಯಲ್ಲಿ ಕಾಯಿಲೆ, ಗಂಡು ಮಗುವಿಲ್ಲ, ಹುಡುಗಿಯ ತಲೆಯಲ್ಲಿ ಜಟೆ ಕಟ್ಟಿತು, ಇಂಥ ಕಾರಣಕ್ಕೆ ಮಗಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿ ನಮ್ಮ ಮಗ್ಗುಲಲ್ಲೇ ಇತ್ತು. ಒಂದು ಕಾಲಕ್ಕೆ ನಮ್ಮ ಜಿಲ್ಲೆಗೇ ಸೇರಿದ್ದ ಉಚ್ಚಂಗಿದುರ್ಗದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಇದನ್ನು ತಡೆಯಲು ಪೊಲೀಸರು, ಅಧಿಕಾರಿಗಳು, ಸಂಘಟನೆಯವರು ಕಾವಲು ಕಾಯಬೇಕಾಯಿತು. 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿಯರ ಸಂಖ್ಯೆ 46 ಸಾವಿರ ದಾಟಿತ್ತು. ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ನಿಂತವರು. ಅಪ್ಪನ ಮನೆಯಿಂದ ಹೊರಗಟ್ಟಿಸಿಕೊಂಡ ಯೆಫ್ತಾಹನ ಎಳೆವಯಸ್ಸು ಹೇಗಿದ್ದಿರಬೇಕೆಂದು ಆ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ. ಅಷ್ಟು ನೊಂದವನೇ ತನ್ನ ಮಗಳನ್ನು ಕೊಟ್ಟ ಎಂಬುದು ಈ ಕಥೆಯಲ್ಲಿ ನನಗೆ ಅತ್ಯಂತ ಕಹಿಯಾದ ಭಾಗ.

1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಲ್ಲಿ ಎರಡು ವಿಷಯ ನೀವು ತಿಳಿದಿರಬೇಕು. ಹುಡುಗಿ ಒಪ್ಪಿದಳೋ ಇಲ್ಲವೋ ಎಂಬುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಪ್ಪಿದರೂ ಸಮರ್ಪಣೆ ಅಪರಾಧ ಎಂದಿತು. ಎರಡನೆಯದು, ಹೊರಗಿನವರು ಮಾಡಿದರೆ ಮೂರು ವರ್ಷದವರೆಗೆ ಜೈಲು ಎಂದಿತು. ತಂದೆತಾಯಿ, ಪೋಷಕರು, ನೆಂಟರೇ ಮಾಡಿದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ. ಕೊಟ್ಟಂತೆ ಮಾಡು ಅಪ್ಪಾ ಎಂದ ಆ ಮಗಳ ಮಾತನ್ನು ನಮ್ಮ ಬೋಧಕರು ಎಷ್ಟೋ ಸಲ ವಿಧೇಯತೆಯ ಮಾದರಿ ಎಂದು ಹೊಗಳಿದ್ದಾರೆ. ನಾನು ಹೊಗಳಲಾರೆ. ಅಪ್ಪನೇ ಯಜಮಾನ, ಅಪ್ಪನೇ ಗೆದ್ದ ಸೇನಾಪತಿ, ಅಪ್ಪನ ಬೆನ್ನಿಗೆ ದೇವರ ಹೆಸರು. ಅಂಥ ಕಡೆ ಹುಡುಗಿಯ ಬಾಯಿಂದ ಬರುವ ‘ಆಗಲಿ’ಗೆ ಒಪ್ಪಿಗೆಯ ತೂಕ ಇಲ್ಲವೆಂದು ನಮ್ಮ ವಿಧಾನಮಂಡಲ ಕಂಡುಕೊಂಡಿತು. ನಮ್ಮ ಸಭೆಗಳೂ ಕಾಣಲಿ.

ನಮ್ಮ ಮನೆಗಳಲ್ಲಿ ಮುತ್ತು ಕಟ್ಟುವುದಿಲ್ಲ, ನಿಜ. ಆದರೆ ಮಗು ಜ್ವರದಿಂದ ಎದ್ದರೆ ಕಾನ್ವೆಂಟಿಗೆ ಕೊಡುತ್ತೇನೆ, ಸೇವೆಗೆ ಬಿಡುತ್ತೇನೆ ಎಂದು ತಾಯಿ ಹರಕೆ ಹೊತ್ತದ್ದುಂಟು. ಹದಿನೆಂಟು ವರ್ಷ ಕಳೆದು ಆ ಮಗಳು “ನನಗೆ ನರ್ಸಿಂಗ್ ಓದಬೇಕು” ಅಂದಾಗ ದೇವರ ಕೋಪದ ಹೆದರಿಕೆ ಹುಟ್ಟಿಸಿದ್ದೂ ಉಂಟು. ಹನ್ನಳು ತನ್ನ ಮಗ ಸಮುವೇಲನನ್ನು ದೇವರಿಗೆ ಕೊಡಲಿಲ್ಲವೇ ಎಂದು ಕೇಳುತ್ತಾರೆ. ಕೊಟ್ಟಳು, ಅದೂ ಹುಟ್ಟುವ ಮೊದಲೇ ಹರಕೆ ಹೊತ್ತು. ಅದನ್ನು ನಾನು ಸಲೀಸಾಗಿ ಸಮರ್ಥಿಸುವುದಿಲ್ಲ. ಆದರೆ ಆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ತಾಯಿ ಪ್ರತಿವರ್ಷ ಅಂಗಿ ಹೊಲಿದು ತಂದಳು; ಒಂದು ರಾತ್ರಿ ದೇವರೇ ಹುಡುಗನನ್ನು ಹೆಸರು ಹಿಡಿದು ಕರೆದ, ಓಗೊಟ್ಟವನು ಹುಡುಗನೇ. ತಾಯಿಯ ಹರಕೆ ಅವನನ್ನು ಬಾಗಿಲವರೆಗೆ ತಂದಿತು, ಒಳಗೆ ಹೋದದ್ದು ಅವನದೇ ಉತ್ತರದಿಂದ. ನಿಮ್ಮಲ್ಲಿ ಯಾರಿಗಾದರೂ ಅಂಥ ಕರೆ ಕೇಳಿದರೆ ಸಂತೋಷದಿಂದ ಹೋಗಿ. ಕೇಳದಿದ್ದರೆ ಅಮ್ಮನ ಹರಕೆಗಾಗಿ ಹೋಗಬೇಡಿ.

ಇದಕ್ಕೆ ಯೇಸುವಿನ ಮಾತೇ ಆಧಾರ. ಮಾರ್ಕನ 7ನೇ ಅಧ್ಯಾಯ ನೋಡಿ. ಸೊತ್ತನ್ನು ದೇವರಿಗೆ ಮುಡಿಪಿಟ್ಟಿದ್ದೇನೆ ಎಂದು ಹೇಳಿ ವಯಸ್ಸಾದ ಅಪ್ಪ ಅಮ್ಮನಿಗೆ ಏನೂ ಕೊಡದೆ ಕೈ ಎತ್ತುವವರನ್ನು, ಅದನ್ನು ಸರಿ ಎನ್ನುವ ಶಾಸ್ತ್ರಿಗಳನ್ನು ಆತ ಗದರಿದ. ಅಂಥ ಮುಡಿಪು ದೇವರ ಮಾತನ್ನೇ ಕೆಡಿಸುತ್ತದೆ ಎಂದ. ಹೆತ್ತವರ ಅನ್ನಕ್ಕೆ ಅಡ್ಡ ಬರುವ ಹರಕೆಯನ್ನೇ ಒಪ್ಪದವನು ಮಕ್ಕಳ ಬಾಳನ್ನು ಸುಡುವ ಹರಕೆಯನ್ನು ಒಪ್ಪಿಯಾನೇ? ವೇದಪುಸ್ತಕದಲ್ಲಿ ಒಂದು ಭಾಗ ಇನ್ನೊಂದರ ಜೊತೆ ವಾದ ಮಾಡುತ್ತದೆ. ಯೆಫ್ತಾಹನ ಅಧ್ಯಾಯ ಒಂದನ್ನೇ ಹರಿದು ಕೈಯಲ್ಲಿ ಹಿಡಿದರೆ ಅದು ಕತ್ತಿಯಾಗುತ್ತದೆ. ಧರ್ಮೋಪದೇಶಕಾಂಡ, ಸಮುವೇಲ, ಯೆರೆಮೀಯ, ಮಾರ್ಕ ಇವರನ್ನೆಲ್ಲ ಸುತ್ತ ಕೂರಿಸಿಕೊಂಡು ಓದಿ.

ಹುಡುಗರಿಗೆ ಒಂದು ಮಾತು. ನಾಳೆ ನೀವು ಅಪ್ಪಂದಿರಾಗುತ್ತೀರಿ. ಅಡಿಕೆಯ ರೇಟು ಬಿದ್ದಾಗ, ಬೋರ್‌ವೆಲ್ ಕೈಕೊಟ್ಟಾಗ, ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ಹರಕೆ ತಾನಾಗಿ ನಾಲಿಗೆಗೆ ಬರುತ್ತದೆ. ಬಂದರೆ ನಿಮ್ಮ ಮೈ, ನಿಮ್ಮ ದುಡ್ಡು, ನಿಮ್ಮ ಕಾಲು ಕೊಡಿ. ಮಗಳ ಮದುವೆ, ಮಗನ ಓದು, ಹೆಂಡತಿಯ ಒಡವೆ ಮುಟ್ಟಬೇಡಿ. ಬಾಯಿ ತಪ್ಪಿ ಅಂದಿದ್ದರೆ ಮುರಿದು ಹಾಕಿ. ಮಾತಿಗೆ ತಪ್ಪಿದವನೆಂಬ ಅವಮಾನವನ್ನು ನೀವು ಹೊರಿ. ಯೆಫ್ತಾಹನಿಗೆ ಆಗದೆ ಹೋದದ್ದು ಅದೊಂದೇ.

ಹೆಣ್ಣುಮಕ್ಕಳೇ, ನಿಮ್ಮ ಹೆಸರಿನಲ್ಲಿ ಯಾರಾದರೂ ಹರಕೆ ಹೊತ್ತಿದ್ದರೆ, ನಿಮ್ಮನ್ನು ಕೇಳದೆ ಮದುವೆ ಗೊತ್ತು ಮಾಡಿದ್ದರೆ, ಸುಮ್ಮನೆ ಬೆಟ್ಟ ಹತ್ತಿ ಅಳಬೇಡಿ. ನನ್ನ ಹತ್ತಿರ ಬನ್ನಿ, ನಿಮ್ಮಪ್ಪನ ಮುಂದೆ ಕೂತು ನಾನು ಮಾತಾಡುತ್ತೇನೆ. ನನ್ನನ್ನು ಹುಡುಕಲು ಹೊತ್ತಿಲ್ಲದಿದ್ದರೆ, ಇನ್ನೂ ಹದಿನೆಂಟು ತುಂಬದವರು 1098ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡು ಬೀಳುವುದಿಲ್ಲ, ರಾತ್ರಿಯೂ ಎತ್ತಿಕೊಳ್ಳುತ್ತಾರೆ.